ಸಂಗೀತ ಬದಿಗಿಟ್ಟು ಕಪೊಯೆರಾ ಕಲಿಯಬಹುದೇ?

ಪ್ರಶ್ನೆ: ನನಗೆ ಮೂವತ್ತೇಳು ವರ್ಷ. ಬೆಂಗಳೂರಿನಲ್ಲಿ ಒಂದೂವರೆ ವರ್ಷದಿಂದ ವಾರಕ್ಕೆ ಎರಡು ದಿನ ಕಪೊಯೆರಾ ಎಂಬ ಬ್ರೆಜಿಲ್‌ನ ಹೋರಾಟದ ವಿದ್ಯೆಯ ತರಗತಿಗೆ ಹೋಗುತ್ತಿದ್ದೇನೆ. ನನ್ನ ಜೊತೆ ಸೇರಿದ ಹುಡುಗರು ಈಗ ಕೈಮೇಲೆ ನಿಲ್ಲುತ್ತಾರೆ, ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾರೆ. ನನಗೆ ‘ಆವೂ’, ಅಂದರೆ ಕೈಯೂರಿ ಪಕ್ಕಕ್ಕೆ ಉರುಳುವ ಚಕ್ರ ಕೂಡ ಕಾಲು ನೆಟ್ಟಗಾಗಿ ಬರುವುದಿಲ್ಲ. ಇದರ ಮೇಲೆ ಪ್ರತಿ ತರಗತಿಯ ಕೊನೆಯ ಅರ್ಧ ಗಂಟೆ ಬೆರಿಂಬಾವ್ ಎಂಬ ಒಂಟಿ ತಂತಿಯ ಬಿಲ್ಲುವಾದ್ಯ ಮತ್ತು ಹಾಡಿನ ಅಭ್ಯಾಸವಿರುತ್ತದೆ. ಕಿರುಬೆರಳು ತಡೆಯಲಾರದಷ್ಟು ನೋಯುತ್ತದೆ, ಬಾರಿಸುತ್ತಾ ಹಾಡಲು ಹೋದರೆ ಎರಡೂ ತಪ್ಪುತ್ತವೆ, ಹಾಡುಗಳೆಲ್ಲ ಪೋರ್ಚುಗೀಸ್ ಭಾಷೆಯವು. ಒಂದು ವರ್ಷ ಸಂಗೀತವನ್ನು ಬದಿಗಿಟ್ಟು ಬರೀ ಚಲನೆಗಳನ್ನು ಕಲಿತರೆ ಆಗದೇ? ಇನ್ನು ಕೆಲವು ತಿಂಗಳಲ್ಲಿ ಬಾಚಿಜಾಡು, ಅಂದರೆ ಹೊಸಬರಿಗೆ ಹಗ್ಗ ಕಟ್ಟುವ ಸಮಾರಂಭ ಇದೆ. ಈ ಸ್ಥಿತಿಯಲ್ಲಿ ನಾನು ಅದರಲ್ಲಿ ಭಾಗವಹಿಸಬಹುದೇ?

ಉತ್ತರ: ಆಗದು ಎಂಬುದೇ ನನ್ನ ನೇರ ಉತ್ತರ. ನೀವು ಏನನ್ನಾದರೂ ಒಂದು ವರ್ಷ ಬದಿಗಿಡಲೇಬೇಕು ಎಂದಾದರೆ ಕೈಮೇಲೆ ನಿಲ್ಲುವುದನ್ನು ಬದಿಗಿಡಿ, ಪಲ್ಟಿಯನ್ನು ಬದಿಗಿಡಿ. ಬೆರಿಂಬಾವನ್ನು ಮಾತ್ರ ಕೈಬಿಡಬೇಡಿ. ಮೂವತ್ತರ ನಂತರ ಈ ವಿದ್ಯೆಗೆ ಬಂದವರಿಗೆ ಸಂಗೀತವು ತರಗತಿಯ ಕೊನೆಯಲ್ಲಿ ಅಂಟಿಸಿದ ಹೆಚ್ಚುವರಿ ಪಾಠವಾಗಿ ಕಾಣುವುದು ಸಹಜವಾದರೂ, ಒಳಗೆ ಬರಲು ಅವರಿಗೆ ಸಿಗುವ ಅತ್ಯಂತ ಅಗಲವಾದ ಬಾಗಿಲು ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಎಂಬುದನ್ನು ಮೊದಲು ಹೇಳಿ, ಬೆರಳಿನ ನೋವಿಗೂ ಹಾಡಿನ ತೊಡಕಿಗೂ ಆಮೇಲೆ ಬರುತ್ತೇನೆ.

ಕಪೊಯೆರಾ ನಡೆಯುವುದು ‘ಹೋಡಾ’ ಎಂಬ ವೃತ್ತದಲ್ಲಿ. ವೃತ್ತದ ಒಂದು ಕಡೆ ವಾದ್ಯದವರು ಸಾಲಾಗಿ ಕುಳಿತಿರುತ್ತಾರೆ ಅಥವಾ ನಿಂತಿರುತ್ತಾರೆ, ಉಳಿದವರು ಸುತ್ತ ಸೇರಿ ಹಾಡಿಗೆ ದನಿಗೂಡಿಸುತ್ತಾರೆ, ನಡುವೆ ಇಬ್ಬರು ಆಡುತ್ತಾರೆ. ಆಟ ಯಾವಾಗ ಶುರುವಾಗಬೇಕು, ಎಷ್ಟು ವೇಗದಲ್ಲಿ ಸಾಗಬೇಕು, ನೆಲಕ್ಕೆ ಹತ್ತಿರವಿರಬೇಕೋ ಎದ್ದು ನಿಂತು ಆಡಬೇಕೋ, ಯಾವಾಗ ನಿಲ್ಲಬೇಕು ಎಂಬುದನ್ನೆಲ್ಲ ಮಂದ್ರ ದನಿಯ ಬೆರಿಂಬಾವ್, ಅಂದರೆ ‘ಗುಂಗಾ’ ಹಿಡಿದವರು ನಿರ್ಧರಿಸುತ್ತಾರೆ. ಗುಂಗಾದ ತುದಿ ಬಾಗಿ ಆಟಗಾರರ ನಡುವೆ ಇಳಿಯಿತೆಂದರೆ ಇಬ್ಬರೂ ಆಟ ನಿಲ್ಲಿಸಿ ಅದರ ಬುಡಕ್ಕೆ ಮರಳಬೇಕು. ನಮ್ಮ ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತರಿಗೆ ಯಾವ ಸ್ಥಾನವೋ ಇಲ್ಲಿ ಗುಂಗಾಕ್ಕೆ ಹೆಚ್ಚುಕಡಿಮೆ ಅದೇ ಸ್ಥಾನ. ಪದ ಮತ್ತು ತಾಳ ಬದಲಾದದ್ದು ಕಿವಿಗೆ ಬೀಳದ ವೇಷಧಾರಿ ಎಷ್ಟು ಚೆನ್ನಾಗಿ ಗಿರಕಿ ಹೊಡೆದರೂ ಆಟ ಕೆಟ್ಟಂತೆಯೇ. ಬೆರಿಂಬಾವ್ ನುಡಿಸುವ ಲಯದ ಮಾದರಿಗೆ ಟೋಕಿ ಎನ್ನುತ್ತಾರೆ. ನಿಮ್ಮ ಜೊತೆಯ ಹುಡುಗರು ನಿಧಾನಗತಿಯ ಟೋಕಿ ನುಡಿಯುತ್ತಿರುವಾಗ ಪಲ್ಟಿ ಹೊಡೆದರೆ ಅವರ ಗುರುಗಳು ಮೆಚ್ಚುವುದಿಲ್ಲ. ಮೆಚ್ಚಿದರೆ ಗುರುಗಳ ಬಗ್ಗೆಯೇ ಸ್ವಲ್ಪ ಯೋಚಿಸಬೇಕಾಗುತ್ತದೆ.

ಇದು ನನ್ನೊಬ್ಬನ ಅಭಿರುಚಿಯ ಮಾತಲ್ಲ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 1890ರ ದಂಡಸಂಹಿತೆಯು ಬೀದಿಯಲ್ಲಿ ಕಪೊಯೆರಾ ಆಡುವುದನ್ನು ಜೈಲುಶಿಕ್ಷೆಯ ಅಪರಾಧವನ್ನಾಗಿ ಮಾಡಿತು. ಆ ಕಳಂಕದಿಂದ ವಿದ್ಯೆಯನ್ನು ಹೊರತಂದವರಲ್ಲಿ ಇಬ್ಬರ ಹೆಸರು ಮುಖ್ಯ, ಇಬ್ಬರೂ ಬಾಹಿಯಾ ರಾಜ್ಯದ ಸಾಲ್ವಡೋರ್ ನಗರದವರು. ಮೆಸ್ತ್ರಿ (ಅಂದರೆ ಗುರು) ಬಿಂಬಾ 1932ರಲ್ಲಿ ತಮ್ಮ ಶಾಲೆ ತೆರೆದರು, 1937ರಲ್ಲಿ ಅದಕ್ಕೆ ಸರ್ಕಾರದ ಮಾನ್ಯತೆ ಸಿಕ್ಕಿತು. ಅವರ ಪದ್ಧತಿಯನ್ನು ‘ಹೆಜಿಯೊನಾಲ್’ ಎನ್ನುತ್ತಾರೆ. ಮೆಸ್ತ್ರಿ ಪಾಸ್ತಿನ್ಯಾ 1941ರಲ್ಲಿ ‘ಅಂಗೋಲಾ’ ಪದ್ಧತಿಯ ಕೇಂದ್ರವನ್ನು ಕಟ್ಟಿದರು. ಬಿಂಬಾ ಅವರ ಗುರಿ ಕಪೊಯೆರಾವನ್ನು ಪರಿಣಾಮಕಾರಿ ಹೋರಾಟದ ವಿದ್ಯೆಯಾಗಿ ಬಿಗಿಗೊಳಿಸುವುದಾಗಿತ್ತು. ಬರೀ ಹೊಡೆತ-ತಡೆತವೇ ಮುಖ್ಯವೆಂದು ಅವರು ಸಂಗೀತವನ್ನು ಕಿತ್ತುಹಾಕಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅವರು ಮಾಡಿದ್ದು ಬೇರೆ. ವಾದ್ಯಗಳನ್ನು ಒಂದು ಬೆರಿಂಬಾವ್, ಖಂಜಿರದಂಥ ಎರಡು ಪಾಂಡೇರೊಗೆ ಇಳಿಸಿ, ಟೋಕಿಗಳನ್ನು ಇನ್ನಷ್ಟು ಕಟ್ಟುನಿಟ್ಟು ಮಾಡಿದರು. ಸಾಂವ್ ಬೆಂತು ಗ್ರಾಂಜಿ ಎಂಬ ಟೋಕಿ ನುಡಿದರೆ ಚುರುಕಾದ, ಎತ್ತರದ ಆಟ. ಬೆಂಗೇಲಾ ನುಡಿದರೆ ಒತ್ತೊತ್ತಾದ, ನಿಧಾನದ, ನೆಲದ ಆಟ. ಇಯೂನಾ ನುಡಿದರೆ ಹಾಡಿಲ್ಲ, ಶಿಕ್ಷಣ ಮುಗಿಸಿದವರಲ್ಲದೆ ಬೇರೆಯವರು ವೃತ್ತಕ್ಕೆ ಇಳಿಯುವಂತಿಲ್ಲ. ಪಾಸ್ತಿನ್ಯಾ ಅವರ ಪರಂಪರೆಯಲ್ಲಂತೂ ಮೂರು ಬೆರಿಂಬಾವ್, ಎರಡು ಪಾಂಡೇರೊ, ಅಟಬಾಕಿ ಎಂಬ ಉದ್ದನೆಯ ಮದ್ದಳೆ, ಅಗೊಗೊ ಎಂಬ ಜೋಡಿ ಗಂಟೆ, ಹೆಕೊ-ಹೆಕೊ ಎಂಬ ಗೀರುವಾದ್ಯ ಸೇರಿ ಎಂಟು ವಾದ್ಯಗಳ ಮೇಳವೇ ಇದೆ. ಹೀಗೆ ಎರಡು ಬೇರೆ ದಾರಿ ಹಿಡಿದ ಗುರುಗಳು ಒಪ್ಪಿಕೊಂಡ ಕೆಲವೇ ಸಂಗತಿಗಳಲ್ಲಿ ಆಟವನ್ನು ಸಂಗೀತವೇ ನಡೆಸಬೇಕು ಎಂಬುದೊಂದು.

ಬೆರಿಂಬಾವ್ ಮೊದಲಿನಿಂದಲೂ ಕಪೊಯೆರಾದ ವಾದ್ಯವಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜರ್ಮನ್ ಚಿತ್ರಕಾರ ರುಗೆಂಡಾಸ್ 1835ರಲ್ಲಿ ಪ್ರಕಟಿಸಿದ ಪ್ರಸಿದ್ಧ ಚಿತ್ರದಲ್ಲಿ ಇಬ್ಬರು ಆಡುತ್ತಿದ್ದಾರೆ, ಪಕ್ಕದಲ್ಲಿ ಒಬ್ಬ ಚರ್ಮವಾದ್ಯ ಬಾರಿಸುತ್ತಿದ್ದಾನೆ, ಬಿಲ್ಲುವಾದ್ಯ ಎಲ್ಲೂ ಇಲ್ಲ. ಅದೇ ಕಾಲದ ಫ್ರೆಂಚ್ ಕಲಾವಿದ ದೆಬ್ರೆಯ ಚಿತ್ರದಲ್ಲಿ ಬಿಲ್ಲುವಾದ್ಯವಿದೆ, ಆದರೆ ಅದು ಕುರುಡ ಬೀದಿ ಸಂಗೀತಗಾರನ ಕೈಯಲ್ಲಿದೆ. ಗುಲಾಮರು ಧಣಿಗಳ ಕಣ್ಣಿಗೆ ಮಣ್ಣೆರಚಲು ಹೋರಾಟಕ್ಕೆ ಸಂಗೀತದ ವೇಷ ತೊಡಿಸಿದರು ಎಂಬ ಕಥೆಯನ್ನು ಹಲವು ತರಗತಿಗಳಲ್ಲಿ ಹೇಳುತ್ತಾರೆ. ಕೇಳಲು ಸೊಗಸಾಗಿದೆ, ಆದರೆ ಅದು ಸಂಗೀತವನ್ನು ಬರೀ ವೇಷವೆಂದು ತಿಳಿಯುವ ತಪ್ಪಿಗೆ ದಾರಿ ಮಾಡುತ್ತದೆ. ವೇಷವಾಗಿದ್ದರೆ ಕಾನೂನಿನ ಭಯ ಹೋದ ಮೇಲೆ ಕಳಚಿ ಇಡಬಹುದಿತ್ತು. ಆದದ್ದು ಅದಕ್ಕೆ ವಿರುದ್ಧ: ಇಪ್ಪತ್ತನೆಯ ಶತಮಾನದಲ್ಲಿ ವಿದ್ಯೆ ಬಯಲಿಗೆ ಬಂದಂತೆಲ್ಲ ಬೆರಿಂಬಾವ್‌ನ ಅಧಿಕಾರ ಹೆಚ್ಚುತ್ತಾ ಹೋಯಿತು.

ಈಗ ನಿಮ್ಮ ವಯಸ್ಸಿನ ವಿಷಯ. ಹದಿನೆಂಟರ ಹುಡುಗನ ಜೊತೆ ಮೈಯ ಬಾಗು-ಬಳುಕಿನಲ್ಲಿ ಪೈಪೋಟಿಗೆ ಇಳಿದರೆ ನೀವು ಸೋಲುತ್ತೀರಿ, ಮುಂದಿನ ವರ್ಷ ಇನ್ನಷ್ಟು ಸೋಲುತ್ತೀರಿ. ಕಿವಿ, ಸಮಯಪ್ರಜ್ಞೆ, ಎದುರಿನವರ ಇಂಗಿತ ಓದುವ ಜಾಣ್ಮೆ ಇವು ಹಾಗಲ್ಲ, ವಯಸ್ಸಾದಂತೆ ಮಾಗುತ್ತವೆ. ಪಾಸ್ತಿನ್ಯಾ 1941ರಲ್ಲಿ ಕೇಂದ್ರ ಶುರುಮಾಡಿದಾಗ ಅವರಿಗೆ ಐವತ್ತು ದಾಟಿತ್ತು. 1966ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ನಡೆದ ಕಪ್ಪು ಜನರ ಕಲೆಗಳ ವಿಶ್ವ ಉತ್ಸವಕ್ಕೆ ಬ್ರೆಜಿಲ್ ತಂಡದೊಂದಿಗೆ ಹೋದಾಗ ಎಪ್ಪತ್ತೇಳು. ಅವರ ಶಿಷ್ಯ ಜುವಾಂವ್ ಗ್ರಾಂಜಿ ಕಲಿಕೆ ಶುರುಮಾಡಿದ್ದು ಇಪ್ಪತ್ತರ ಆಸುಪಾಸಿನಲ್ಲಿ. 1990ರಲ್ಲಿ ನ್ಯೂಯಾರ್ಕ್‌ನಲ್ಲಿ ಶಾಲೆ ತೆರೆದು ಇಳಿವಯಸ್ಸಿನಲ್ಲೂ ವೃತ್ತಕ್ಕೆ ಇಳಿಯುತ್ತಿದ್ದರು. ಆ ವಯಸ್ಸಿನವರ ಆಟ ನೋಡಿದರೆ ಗೊತ್ತಾಗುತ್ತದೆ: ಅಲ್ಲಿ ಎತ್ತರದ ಜಿಗಿತವಿಲ್ಲ, ಲಯದ ಒಂದು ಎಣಿಕೆಯಷ್ಟು ತಡವಾಗಿ ಎತ್ತಿದ ಕಾಲು, ಹುಸಿ ಹೆಜ್ಜೆ, ಎದುರಾಳಿ ತಾನಾಗಿ ಬಂದು ಸಿಕ್ಕಿಬೀಳುವಂತೆ ಬಿಟ್ಟ ಜಾಗ ಇವೇ ಕಾಣುತ್ತವೆ. ‘ಮಲೀಸಿಯಾ’ ಎಂದು ಅವರು ಕರೆಯುವ ಈ ಚಾಣಾಕ್ಷತನ ಲಯ ಗೊತ್ತಿಲ್ಲದವನಿಗೆ ದಕ್ಕುವುದಿಲ್ಲ, ಯಾಕೆಂದರೆ ತಡಮಾಡಬೇಕಾದರೆ ಯಾವುದಕ್ಕಿಂತ ತಡ ಎಂಬುದು ಮೊದಲು ಗೊತ್ತಿರಬೇಕು.

ಇನ್ನು ಕಿರುಬೆರಳು. ಈ ನೋವು ಬೆರಿಂಬಾವ್ ಹಿಡಿದ ಎಲ್ಲರಿಗೂ ಬರುತ್ತದೆ, ಆದರೆ ಒಂದೂವರೆ ವರ್ಷದ ನಂತರವೂ ತಡೆಯಲಾರದಷ್ಟು ನೋಯುತ್ತಿದೆ ಎಂದರೆ ಹಿಡಿತದಲ್ಲಿ ಏನೋ ಕೊರತೆಯಿದೆ. ಸೋರೆಬುರುಡೆಯನ್ನು ದಂಡಕ್ಕೂ ತಂತಿಗೂ ಸೇರಿಸಿ ಕಟ್ಟಿರುವ ದಾರದ ಕುಣಿಕೆಯ ಕೆಳಗೆ ಎಡಗೈಯ ಕಿರುಬೆರಳು ಹೋಗುತ್ತದೆ, ಉಂಗುರ ಮತ್ತು ನಡುಬೆರಳು ದಂಡವನ್ನು ಬಳಸಿ ಹಿಡಿಯುತ್ತವೆ, ಹೆಬ್ಬೆರಳು ತೋರುಬೆರಳುಗಳ ನಡುವೆ ನಾಣ್ಯ ಅಥವಾ ನುಣುಪಾದ ಕಲ್ಲು ಇರುತ್ತದೆ. ಇಡೀ ವಾದ್ಯದ ಭಾರ ಕಿರುಬೆರಳಿನ ಮೇಲೆಯೇ ಕೂರುವುದರಿಂದ, ಬಿಲ್ಲು ತೂಕ ತಪ್ಪಿ ಒಂದು ಕಡೆ ವಾಲಿದರೆ ಅದನ್ನು ಸರಿದೂಗಿಸಲು ನೀವು ಗೊತ್ತಿಲ್ಲದೆಯೇ ಮುಷ್ಟಿ ಬಿಗಿಯುತ್ತೀರಿ, ನೋವು ಇಮ್ಮಡಿಯಾಗುತ್ತದೆ. ಬಾರಿಸುವ ಗೊಡವೆಗೇ ಹೋಗದೆ, ಬರೀ ಬಿಲ್ಲನ್ನು ಎತ್ತಿ ಹಿಡಿದು, ಉಳಿದ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, ಅದು ಕಿರುಬೆರಳಿನ ಮೇಲೆ ತಾನಾಗಿ ನೆಟ್ಟಗೆ ನಿಲ್ಲುವ ಬಿಂದುವನ್ನು ಹುಡುಕಿ. ಕುಣಿಕೆಯ ದಾರವನ್ನೂ ನೋಡಿ: ತೆಳುವಾದ ನೈಲಾನ್ ದಾರವಾಗಿದ್ದರೆ ಅದು ಚರ್ಮವನ್ನು ಕೊಯ್ಯುತ್ತದೆ, ದಪ್ಪನೆಯ ಹತ್ತಿ ಹುರಿಗೆ ಬದಲಿಸಿ. ಅಭ್ಯಾಸಕ್ಕೆ ಗುಂಗಾದ ದೊಡ್ಡ ಬುರುಡೆಯ ಬದಲು ವಿಯೋಲಾ ಎಂಬ ಎತ್ತರದ ದನಿಯ ಬೆರಿಂಬಾವ್‌ನ ಚಿಕ್ಕ ಬುರುಡೆ ಸಾಕು. ಅರ್ಧ ಗಂಟೆ ಒಂದೇ ಸಮ ಹಲ್ಲು ಕಚ್ಚಿ ಬಾರಿಸುವುದಕ್ಕಿಂತ ದಿನಕ್ಕೆ ಎರಡು ಮೂರು ಬಾರಿ ಐದೈದು ನಿಮಿಷ ಬಾರಿಸುವುದು ಬೆರಳಿಗೂ ಕಿವಿಗೂ ಒಳ್ಳೆಯದು. ಚರ್ಮ ಗಟ್ಟಿಯಾಗುವ ಉರಿ ಸಹಿಸಬಹುದಾದದ್ದು. ಬೆರಳು ಜೋಮು ಹಿಡಿದರೆ ಅಥವಾ ನೋವು ಮರುದಿನವೂ ಕೀಲಿನಲ್ಲಿ ಉಳಿದರೆ ಕೆಲವು ದಿನ ಬಿಡಬೇಕು, ಆಗಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ದನಿಗಳ ವಿಷಯಕ್ಕೆ ಬಂದರೆ, ಬೆರಿಂಬಾವ್‌ನಲ್ಲಿ ಕಲಿಯಬೇಕಾದ ಮೂಲ ದನಿಗಳು ಮೂರೇ. ನಾಣ್ಯ ತಂತಿಗೆ ತಾಗದೆ ಇದ್ದಾಗ ಬರುವ ತೆರೆದ ಮಂದ್ರ ದನಿಯನ್ನು ‘ದೋಂ’ ಎನ್ನೋಣ. ನಾಣ್ಯವನ್ನು ಒತ್ತಿ ಹಿಡಿದಾಗ ತಂತಿಯ ನಡುಗುವ ಉದ್ದ ಕಡಿಮೆಯಾಗಿ ಬರುವ ಎತ್ತರದ ದನಿಯನ್ನು ‘ದೀಂ’ ಎನ್ನೋಣ. ನಾಣ್ಯವನ್ನು ಹಗುರವಾಗಿ ತಾಗಿಸಿ ಹೊಡೆದಾಗ ಬರುವ ಗರಗರ ದನಿಯನ್ನು ‘ಚಿ’ ಎನ್ನೋಣ. ಕಡ್ಡಿಯ ಪೆಟ್ಟು ನಾಣ್ಯ ತಾಗುವ ಜಾಗಕ್ಕಿಂತ ತುಸು ಮೇಲೆ ಬೀಳಬೇಕು, ಮಣಿಕಟ್ಟಿನಿಂದ ಬೀಳಬೇಕು, ಮೊಣಕೈಯಿಂದಲ್ಲ. ಹೊಸಬರ ದೋಂ ಮಂಕಾಗಿ ಕೇಳುವುದಕ್ಕೆ ಕಾರಣ ಬಹುತೇಕ ಒಂದೇ: ನಾಣ್ಯ ತಂತಿಯಿಂದ ಪೂರ್ತಿ ಬಿಟ್ಟಿರುವುದಿಲ್ಲ, ಕೂದಲೆಳೆಯಷ್ಟು ತಾಗಿಕೊಂಡೇ ಇರುತ್ತದೆ. ದೀಂ ಒಡಕಾಗಿ ಕೇಳಿದರೆ ನಾಣ್ಯ ತಡವಾಗಿ ಬಂದಿದೆ ಎಂದರ್ಥ. ಪೆಟ್ಟು ಬೀಳುವ ಮೊದಲೇ ಅದು ಗಟ್ಟಿಯಾಗಿ ಒತ್ತಿರಬೇಕು. ನಾಣ್ಯ ತಂತಿಯ ಬಳಿಗೆ ಹೋಗಬೇಕೇ ಹೊರತು ಇಡೀ ಬಿಲ್ಲು ತಿರುಗಿ ತಂತಿಯೇ ನಾಣ್ಯದ ಬಳಿಗೆ ಬರಬಾರದು. ಕನ್ನಡಿಯ ಮುಂದೆ ನಿಂತು ಬಿಲ್ಲಿನ ಮೇಲ್ತುದಿಯನ್ನು ಗಮನಿಸಿದರೆ ಈ ತಪ್ಪು ತಕ್ಷಣ ಕಾಣುತ್ತದೆ.

ಈ ಮೂರು ದನಿ ಬಂದರೆ ಅಂಗೋಲಾ ಟೋಕಿ ನಿಮ್ಮದಾಗುತ್ತದೆ. ನಾಲ್ಕು ಎಣಿಕೆ ಇಟ್ಟುಕೊಳ್ಳಿ: ಮೊದಲ ಎಣಿಕೆಯಲ್ಲಿ ‘ಚಿಚ್ಚಿ’, ಎರಡನೆಯದರಲ್ಲಿ ‘ದೋಂ’, ಮೂರನೆಯದರಲ್ಲಿ ‘ದೀಂ’, ನಾಲ್ಕನೆಯದು ಖಾಲಿ. ಸಾಂವ್ ಬೆಂತು ಪಿಕೇನುವಿನಲ್ಲಿ ದೋಂ ಮತ್ತು ದೀಂ ಜಾಗ ಬದಲಿಸಿಕೊಳ್ಳುತ್ತವೆ. ಸಾಂವ್ ಬೆಂತು ಗ್ರಾಂಜಿಯಲ್ಲಿ ಆ ಖಾಲಿ ಎಣಿಕೆಯೂ ತುಂಬಿ ‘ಚಿಚ್ಚಿ ದೀಂ ದೋಂ ದೋಂ’ ಆಗುತ್ತದೆ. ಶಾಲೆಯಿಂದ ಶಾಲೆಗೆ ಹೆಸರುಗಳು, ಒತ್ತುಗಳು ಸ್ವಲ್ಪ ಬೇರೆಯಾಗುತ್ತವೆ, ನಿಮ್ಮ ಗುರುಗಳು ಹೇಳಿದ್ದೇ ನಿಮಗೆ ಪ್ರಮಾಣ. ನೀವು ಎಡವುತ್ತಿರುವುದು ಬಹುಶಃ ಆ ಖಾಲಿ ಎಣಿಕೆಯಲ್ಲಿ. ಕೈಗೆ ಕೆಲಸವಿಲ್ಲದ ಆ ಕ್ಷಣದಲ್ಲಿ ಹೊಸಬರು ಅವಸರಪಟ್ಟು ಮುಂದಿನ ‘ಚಿಚ್ಚಿ’ಗೆ ಹಾರುತ್ತಾರೆ, ಹೀಗಾಗಿ ಪ್ರತಿ ಸುತ್ತಿನಲ್ಲೂ ವೇಗ ಏರುತ್ತಾ ಹೋಗುತ್ತದೆ. ಬಲಗೈಯ ಬೆರಳಿಗೆ ಸಿಕ್ಕಿಸಿಕೊಂಡ ‘ಕಶಿಶಿ’ ಎಂಬ ಬೀಜ ತುಂಬಿದ ಪುಟ್ಟ ಬುಟ್ಟಿಯನ್ನು ಆ ಎಣಿಕೆಯಲ್ಲಿ ಒಮ್ಮೆ ಅಲುಗಿಸಿದರೆ ಖಾಲಿಜಾಗಕ್ಕೆ ಅಳತೆ ಸಿಗುತ್ತದೆ. ಮೃದಂಗ ಅಥವಾ ಭರತನಾಟ್ಯ ಕಲಿಯುವ ಮಕ್ಕಳು ಸೊಲ್ಲುಗಳನ್ನು ಬಾಯಲ್ಲಿ ಹೇಳಿ ಗಟ್ಟಿಮಾಡಿಕೊಳ್ಳುವ ಕ್ರಮ ನಮ್ಮಲ್ಲಿ ಇದ್ದೇ ಇದೆಯಲ್ಲ, ಅದನ್ನು ಇಲ್ಲಿ ಧಾರಾಳವಾಗಿ ಬಳಸಿ: ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ನಡೆಯುವಾಗ, ತಾಳ ಹಾಕುತ್ತಾ ಬಾಯಲ್ಲೇ ಟೋಕಿ ಹೇಳಿಕೊಳ್ಳಿ.

ಬಾರಿಸುತ್ತಾ ಹಾಡುವುದು ತಪ್ಪುವುದಕ್ಕೂ ಇದೇ ಕಾರಣ. ಕೈ ಇನ್ನೂ ಲೆಕ್ಕ ಹಾಕುತ್ತಿರುವಾಗ ಬಾಯಿಗೆ ಬೇರೆ ಲೆಕ್ಕ ಕೊಟ್ಟರೆ ಯಾರಿಗಾದರೂ ತಪ್ಪುತ್ತದೆ. ಮೊದಲ ಹಂತದಲ್ಲಿ ಬಾರಿಸುತ್ತಾ ಟೋಕಿಯ ಸೊಲ್ಲುಗಳನ್ನೇ ಹೇಳಿ. ಅದು ಸಲೀಸಾದ ಮೇಲೆ ಬಾರಿಸುತ್ತಾ ಪಕ್ಕದವರೊಂದಿಗೆ ಎರಡು ಮಾತು ಆಡಿ, ದಿನದ ಅಡುಗೆ ಏನು ಎಂಬಂಥ ಸಾಮಾನ್ಯ ಮಾತು. ಕೈ ನಿಲ್ಲದಿದ್ದರೆ ಲೆಕ್ಕ ತಲೆಯಿಂದ ಕೈಗೆ ಇಳಿದಿದೆ ಎಂದರ್ಥ. ಆಮೇಲೆ ಬರೀ ಪಲ್ಲವಿಗೆ, ಅಂದರೆ ಗುಂಪಿನ ಉತ್ತರಕ್ಕೆ ದನಿಗೂಡಿಸಿ. ಮುಂದಾಳಾಗಿ ಹಾಡುವುದು ವರ್ಷಗಳ ನಂತರದ ಮಾತು, ಅದಕ್ಕೆ ಈಗಲೇ ಆತುರ ಬೇಡ.

ಹಾಡುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭಾಷೆ ಬಾರದವರು ಮೊದಲು ಕೈಚೆಲ್ಲುವುದು ಇಲ್ಲೇ. ಅಂಗೋಲಾ ಪದ್ಧತಿಯ ಹೋಡಾ ಮೂರು ಹಂತದಲ್ಲಿ ತೆರೆದುಕೊಳ್ಳುತ್ತದೆ. ಮೊದಲು ‘ಲಾಡಾಯಿನ್ಯಾ’, ಒಬ್ಬರೇ ಹಾಡುವ ದೀರ್ಘ ಪದ್ಯ. ಆ ಹೊತ್ತಿನಲ್ಲಿ ಆಟಗಾರರಿಬ್ಬರೂ ಗುಂಗಾದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೇಳುತ್ತಾರೆ, ಯಾರೂ ಆಡುವುದಿಲ್ಲ. ಆಮೇಲೆ ‘ಶೂಲಾ’, ದೇವರನ್ನೂ ಗುರುಗಳನ್ನೂ ಸ್ಮರಿಸುವ ಸಾಲುಗಳು, ಪ್ರತಿ ಸಾಲನ್ನೂ ಗುಂಪು ಮರುನುಡಿಯುತ್ತದೆ. ಕೊನೆಗೆ ‘ಕೊಹೀಡು’, ಚಿಕ್ಕ ಸಾಲು, ಚಿಕ್ಕ ಉತ್ತರ; ಇದು ಶುರುವಾದ ಮೇಲೆಯೇ ಆಟ. ನೀವು ಕಲಿಯಬೇಕಾದದ್ದು ಈ ಕೊಹೀಡುಗಳ ಉತ್ತರಗಳನ್ನು. ಹಲವು ಉತ್ತರಗಳು ನಾಲ್ಕೈದು ಪದಗಳನ್ನು ಮೀರುವುದಿಲ್ಲ, ಮತ್ತೆ ಮತ್ತೆ ಬರುತ್ತವೆ. ಓದಿ ಕಲಿಯುವುದಕ್ಕಿಂತ ಕೇಳಿ ಕಲಿಯಿರಿ, ಏಕೆಂದರೆ ಬ್ರೆಜಿಲ್‌ನ ಪೋರ್ಚುಗೀಸ್‌ನಲ್ಲಿ ಪದದ ಮೊದಲ ‘ರ’ ನಮ್ಮ ಕಿವಿಗೆ ‘ಹ’ದಂತೆಯೂ, ಕೊನೆಯ ‘ಒ’ ‘ಉ’ದಂತೆಯೂ ಕೇಳುತ್ತದೆ, ಅಕ್ಷರ ನೋಡಿ ಹಾಡಿದರೆ ಲಯವೂ ಕೆಡುತ್ತದೆ. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಪಕ್ಕದಲ್ಲಿ ಅರ್ಥ ಬರೆಯಿರಿ. ಅರ್ಥ ಬೇಕೇ ಬೇಕು: ಕೆಲವು ಹಾಡುಗಳು ಆಟಗಾರನಿಗೆ ನಿಧಾನಿಸು ಎನ್ನುತ್ತವೆ, ಕೆಲವು ಬಿದ್ದವನನ್ನು ಛೇಡಿಸುತ್ತವೆ, ಕೆಲವು ಅತಿಥಿಯನ್ನು ಸ್ವಾಗತಿಸುತ್ತವೆ, ಕೆಲವು ಹೋಡಾ ಮುಗಿಯಿತೆಂದು ಬೀಳ್ಕೊಡುತ್ತವೆ. ನಡುವೆ ಆಡುತ್ತಿರುವವರಿಗೆ ಹಾಡು ಎಚ್ಚರಿಕೆ ಕೊಡುತ್ತಿದ್ದರೂ ಅವರಿಗೆ ಅದು ತಿಳಿಯದೆ ಕಾಲು ಬೀಸುತ್ತಲೇ ಇರುವುದನ್ನು ಬ್ರೆಜಿಲ್‌ನಿಂದಾಚೆಯ ಹೋಡಾಗಳಲ್ಲಿ ಎಷ್ಟೋ ಸಲ ನೋಡಬಹುದು.

ಬೆರಿಂಬಾವ್ ಕೈಗೆ ಸಿಗುವವರೆಗೆ ಮೇಳದಲ್ಲಿ ಜಾಗವಿಲ್ಲ ಎಂದುಕೊಳ್ಳಬೇಡಿ. ಅಗೊಗೊ ಅಥವಾ ಹೆಕೊ-ಹೆಕೊ ಹಿಡಿದು ಇಡೀ ಹೋಡಾಕ್ಕೆ ಒಂದೇ ಲಯವನ್ನು ಅಲುಗದಂತೆ ನುಡಿಸುವುದು ಹೊಸಬರಿಗೆ ಸಿಗುವ ಅತ್ಯುತ್ತಮ ಪಾಠ. ಅಲ್ಲಿ ಕುಳಿತರೆ ಗುಂಗಾದ ಬದಲಾವಣೆಗೆ ಆಟ ಹೇಗೆ ಬದಲಾಗುತ್ತದೆ ಎಂಬುದು ಎರಡು ಮಾರು ದೂರದಲ್ಲಿ ಕಾಣುತ್ತದೆ. ವಾದ್ಯವನ್ನು ಇನ್ನೊಬ್ಬರಿಗೆ ದಾಟಿಸುವಾಗ ದನಿ ನಿಲ್ಲದಂತೆ ದಾಟಿಸಿ, ಗುಂಗಾವನ್ನು ಕರೆಯದೆ ಮುಟ್ಟಬೇಡಿ.

ಈಗ ಚಲನೆ. ನಿಮ್ಮ ಆವೂ ಕಾಲು ನೆಟ್ಟಗಾಗಿ ಬರುವುದಿಲ್ಲ ಎಂದು ಬರೆದಿದ್ದೀರಿ. ಆಟದಲ್ಲಿ ಅದು ನೆಟ್ಟಗೆ ಬರಲೇಬೇಕೆಂದೇನಿಲ್ಲ. ಕಾಲು ಚಾಚಿದ ‘ತೆರೆದ’ ಆವೂ ನೋಡಲು ಚಂದ, ಆದರೆ ಹೊಟ್ಟೆ ಎದೆಗಳನ್ನು ಎದುರಾಳಿಯ ತಲೆಗುದ್ದಿಗೆ ಬಿಟ್ಟುಕೊಡುತ್ತದೆ. ಮೊಣಕಾಲು ಮಡಚಿ, ಮೊಣಕೈ ತುಸು ಬಗ್ಗಿಸಿ, ನೆಲಕ್ಕೆ ಹತ್ತಿರವಾಗಿ, ನೋಟವನ್ನು ನೆಲದ ಬದಲು ಎದುರಾಳಿಯ ಮೇಲೆ ಇಟ್ಟು ಮಾಡುವ ‘ಮುಚ್ಚಿದ’ ಆವೂ ಹತ್ತಿರದ ಆಟದಲ್ಲಿ ಹೆಚ್ಚು ಸುರಕ್ಷಿತ, ಹೆಚ್ಚು ಉಪಯುಕ್ತ. ನಿಮಗೆ ಈಗ ಬರುತ್ತಿರುವುದು ಬಹುಶಃ ಅದರ ಒರಟು ರೂಪ; ಅದನ್ನೇ ತಿದ್ದಿಕೊಳ್ಳಿ. ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಯನ್ನು ಒಂದರ ನಂತರ ಒಂದು ಪಕ್ಕಕ್ಕೆ ಊರಿ, ಸೊಂಟವನ್ನು ಒಂದಡಿಯಷ್ಟು ಎತ್ತಿ ಆಚೆ ಇಳಿಸುವುದರಿಂದ ಶುರುಮಾಡಿ. ಮಣಿಕಟ್ಟನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಿ, ಬೆರಳುಗಳನ್ನು ಅಗಲಿಸಿ ಊರಿ; ಈ ವಯಸ್ಸಿನಲ್ಲಿ ಕಪೊಯೆರಾ ಬಿಡುವವರಲ್ಲಿ ಹಲವರು ಬಿಡುವುದು ಮಣಿಕಟ್ಟು ಮತ್ತು ಮೊಣಕಾಲಿನ ನೋವಿಗೆ.

‘ಜಿಂಗಾ’ ಎಂಬ ತೂಗುಹೆಜ್ಜೆಗೆ ಮಾತ್ರ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಬಿಂಬಾ ಹೊಸ ಶಿಷ್ಯನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು, ತಾವೇ ತೂಗಿ ಜಿಂಗಾ ಕಲಿಸುತ್ತಿದ್ದರು. ಲಯ ಮಾತಿನಲ್ಲಿ ಹೇಳಿ ದಾಟಿಸುವಂಥದ್ದಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಅಂಗೋಲಾ ಟೋಕಿಯ ಧ್ವನಿಮುದ್ರಣ ಹಾಕಿಕೊಂಡು, ಬೇರೆ ಏನನ್ನೂ ಮಾಡದೆ, ಒಂದು ಹಾಡು ಮುಗಿಯುವವರೆಗೆ ಜಿಂಗಾ ಮಾಡಿ, ಜೊತೆಗೆ ಪಲ್ಲವಿಯನ್ನು ಗಟ್ಟಿಯಾಗಿ ಹಾಡಿ. ಉಸಿರು ಸಿಕ್ಕಿಕೊಂಡು ಪಲ್ಲವಿ ಅರ್ಧಕ್ಕೆ ನಿಂತರೆ ನಿಮ್ಮ ಭುಜ ಅಥವಾ ಹೊಟ್ಟೆ ಬಿಗಿಯಾಗಿದೆ ಎಂದು ತಿಳಿಯಿರಿ. ನಿಮ್ಮ ಎರಡು ಸಮಸ್ಯೆಗಳಿಗೂ ಇದೊಂದೇ ಅಭ್ಯಾಸದಲ್ಲಿ ಮದ್ದಿದೆ, ದಿನಕ್ಕೆ ಹತ್ತು ನಿಮಿಷ ಹಿಡಿಯುತ್ತದೆ.

ಸ್ವಂತ ಬೆರಿಂಬಾವ್ ಇಲ್ಲದೆ ಇದು ಮುಂದುವರಿಯುವುದು ಕಷ್ಟ, ಆಮದು ಮಾಡಿದ್ದಕ್ಕೆ ಬೆಲೆ ಜಾಸ್ತಿ. ನೀವೇ ಮಾಡಿಕೊಳ್ಳಬಹುದು. ಬಾಹಿಯಾದಲ್ಲಿ ದಂಡಕ್ಕೆ ಬಿರಿಬಾ ಎಂಬ ಮರದ ಕೋಲನ್ನು ಬಳಸುತ್ತಾರೆ. ಇಲ್ಲಿ ಅಭ್ಯಾಸಕ್ಕೆ ಟೊಳ್ಳಿಲ್ಲದ, ಚೆನ್ನಾಗಿ ಒಣಗಿದ, ಐದಡಿಯಷ್ಟು ಉದ್ದದ ಗಟ್ಟಿ ಬಿದಿರು ನಡೆಯುತ್ತದೆ. ತಂತಿಯನ್ನು ಬ್ರೆಜಿಲ್‌ನಲ್ಲೂ ಹಳೇ ಟೈರಿನ ಅಂಚಿನಿಂದಲೇ ತೆಗೆಯುತ್ತಾರೆ, ನಿಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಹಾಳಾದ ಟೈರು ಕೊಟ್ಟಾರು. ಅಂಚು ಕೊಯ್ಯುವಾಗ ತಂತಿ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ರಬ್ಬರು ಹೆರೆದು, ಉಪ್ಪುಕಾಗದದಿಂದ ತಂತಿ ಹೊಳೆಯುವವರೆಗೆ ಉಜ್ಜಿ. ದಂಡದ ಮೇಲ್ತುದಿಗೆ ಒಂದು ಚೂರು ಚರ್ಮ ಹೊಡೆಯಿರಿ, ಇಲ್ಲವಾದರೆ ತಂತಿ ಬಿದಿರನ್ನು ಸೀಳುತ್ತದೆ. ಒಣ ಸೋರೆಬುರುಡೆಯ ಒಳಗಿನ ತಿರುಳನ್ನು ಪೂರ್ತಿ ಕೆರೆದು ನುಣುಪು ಮಾಡಿದಷ್ಟೂ ದನಿ ತಿಳಿಯಾಗುತ್ತದೆ, ಅದನ್ನು ದಂಡದ ಕೆಳತುದಿಯಿಂದ ಒಂದು ಗೇಣು ಮೇಲೆ ಕಟ್ಟಿ. ಬಾರಿಸಿ ಮುಗಿದ ಮೇಲೆ ತಂತಿಯನ್ನು ಸಡಿಲಿಸಿಡಿ, ಬಿಗಿದೇ ಬಿಟ್ಟರೆ ದಂಡದ ಸೆಡವು ಹೋಗುತ್ತದೆ. ಅಂದಹಾಗೆ, ಸೋರೆಬುರುಡೆ ಕಟ್ಟಿದ ಬಿಲ್ಲುವಾದ್ಯ ಭಾರತಕ್ಕೆ ಹೊಸತಲ್ಲ. ಆಫ್ರಿಕಾ ಮೂಲದ ಗುಜರಾತಿನ ಸಿದ್ದಿಗಳು ‘ಮಲುಂಗಾ’ ಎಂಬ ಇದೇ ಬಗೆಯ ವಾದ್ಯವನ್ನು ನುಡಿಸುತ್ತಾರೆ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಹೆಸರಾದದ್ದು ಡಮಾಮಿ ಎಂಬ ಚರ್ಮವಾದ್ಯ ಮತ್ತು ಅದರ ಕುಣಿತ.

ಕೊನೆಯದು ಬಾಚಿಜಾಡು. ಹೊಸಬರು ಹಿರಿಯ ಗುರುಗಳೊಂದಿಗೆ ಮೊದಲ ಬಾರಿಗೆ ವಿಧಿವತ್ತಾಗಿ ಆಡಿ ಹಗ್ಗ ಕಟ್ಟಿಸಿಕೊಳ್ಳುವ ಈ ದಿನಕ್ಕೆ ನೀವು ಹೋಗಬೇಕು, ಪಲ್ಟಿ ಬಾರದಿರುವುದು ಅಡ್ಡಿಯಲ್ಲ. ಸೊಂಟಕ್ಕೆ ಕಟ್ಟುವ ಬಣ್ಣಬಣ್ಣದ ಹಗ್ಗಗಳ ಶ್ರೇಣಿ ಎಲ್ಲ ಪರಂಪರೆಗಳದ್ದೂ ಅಲ್ಲ, ಪಾಸ್ತಿನ್ಯಾ ಅವರ ದಾರಿಯ ಅಂಗೋಲಾ ಗುಂಪುಗಳು ಸಾಮಾನ್ಯವಾಗಿ ಹಗ್ಗ ಕೊಡುವುದೇ ಇಲ್ಲ. ಹಾಗಾಗಿ ಬಣ್ಣಕ್ಕೆ ಹೆಚ್ಚು ಬೆಲೆ ಕೊಡಬೇಡಿ, ಆಟಕ್ಕೆ ಕೊಡಿ. ಎದುರಿಗೆ ನಿಂತ ಹಿರಿಯರು ‘ಹಸ್ತೇರಾ’ ಹಾಕಿ, ಅಂದರೆ ಕಾಲು ಬಾಚಿ, ನಿಮ್ಮನ್ನು ಬೀಳಿಸುತ್ತಾರೆ. ಬೀಳಿಸುವುದು ಅಂದಿನ ಕ್ರಮದ ಭಾಗ, ಅವಮಾನವಲ್ಲ. ಕೈಯೂರಿ ಬೀಳುವುದನ್ನೂ ಬಿದ್ದ ಕೂಡಲೇ ಹೊರಳಿ ಎದುರಾಳಿಯತ್ತ ಮುಖ ಮಾಡುವುದನ್ನೂ ಮೊದಲೇ ಅಭ್ಯಾಸ ಮಾಡಿಕೊಳ್ಳಿ. ಅಂದು ಹೊಸಬರ ಆಟಕ್ಕೆ ಯಾವ ಟೋಕಿ ನುಡಿಸುತ್ತಾರೆ, ಯಾವ ಹಾಡುಗಳನ್ನು ಎತ್ತಿಕೊಳ್ಳುತ್ತಾರೆ ಎಂದು ಈ ವಾರವೇ ನಿಮ್ಮ ಗುರುಗಳನ್ನು ಕೇಳಿ, ಅದೇ ಟೋಕಿಗೆ, ಅದೇ ವೇಗಕ್ಕೆ ಜಿಂಗಾ ಶುರುಮಾಡಿ; ಸಾಧ್ಯವಾದರೆ ಆ ದಿನ ಅಗೊಗೊ ನುಡಿಸುವ ಕೆಲಸವನ್ನೂ ಕೇಳಿ ಪಡೆಯಿರಿ.